ಜುಲೈನಲ್ಲಿ ಬಾಗಿಲು ಹೆರೆಯಬೇಡಿ

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಅತ್ತೆ-ಮಾವನ ಹೆಂಚಿನ ಮನೆಗೆ ಬೆಂಗಳೂರಿನಿಂದ ಬಂದು ನೆಲೆಸಿದ್ದೇವೆ. ಮೊದಲ ಮಳೆಗಾಲಕ್ಕೇ ಸಾಕುಸಾಕಾಯಿತು. ಮಾಡು ಸೋರುತ್ತದೆ, ಬಾಗಿಲು ಹಾಕಲು ಆಗುವುದಿಲ್ಲ, ಕರೆಂಟ್ ಟ್ರಿಪ್ ಆಗುತ್ತಲೇ ಇರುತ್ತದೆ. ಸಣ್ಣ ಕೆಲಸಕ್ಕೆ ಯಾರೂ ಬೇಗ ಸಿಗುವುದಿಲ್ಲ. ಸಿಕ್ಕವರು ಹತ್ತು ನಿಮಿಷದಲ್ಲಿ ಮುಗಿಸಿ ಹೋದಾಗ, ಇಷ್ಟನ್ನು ನಾವೇ ಮಾಡಬಹುದಿತ್ತಲ್ಲ ಅನಿಸುತ್ತದೆ. ನೀವು ತುಂಬಾ ಮನೆಗಳ ರಿಪೇರಿ ಮಾಡಿದವರು. ಆ ಮನೆಯವರಿಂದಲೇ ನೀವು ಕಲಿತ ಸುಲಭ ಉಪಾಯಗಳಿದ್ದರೆ ಹೇಳ್ತೀರಾ? ನಾವು ಮುಟ್ಟಲೇಬಾರದ್ದು ಏನು ಅನ್ನುವುದನ್ನೂ ತಿಳಿಸಿ.

ಉತ್ತರ: ಕೆಲಸದವರಿಗೆ ಕೆಲಸ ಗೊತ್ತು, ನಿಮ್ಮ ಮನೆ ಗೊತ್ತಿರುವುದಿಲ್ಲ. ನಾವು ಬರುವುದು ಹೆಚ್ಚಾಗಿ ಮಳೆ ಬಿಟ್ಟ ಮೇಲೆ. ಅಷ್ಟರಲ್ಲಿ ಸೋರುವುದು ನಿಂತಿರುತ್ತದೆ, ಗೋಡೆ ಒಣಗಿರುತ್ತದೆ, ದಿನಕ್ಕೆ ನಾಲ್ಕು ಸಲ ಬೀಳುತ್ತಿದ್ದ ಟ್ರಿಪ್ ಸ್ವಿಚ್ ಸುಮ್ನೆ ಕೂತಿರುತ್ತದೆ. ಎಲ್ಲಿ ಸೋರುತ್ತೆ ಅಂತ ಕೇಳಿದರೆ ಮನೆಯವರು "ಅಲ್ಲೇ ಎಲ್ಲೋ" ಅಂತ ಕೈ ತೋರಿಸುತ್ತಾರೆ. ಅರ್ಧ ದಿನದ ಕೂಲಿ ಹುಡುಕುವುದಕ್ಕೇ ಹೋಗುತ್ತದೆ. ಹಾಗಾಗಿ ಮನೆಯವರಿಂದ ನಾನು ಕಲಿತದ್ದರಲ್ಲಿ ಒಳ್ಳೆಯವೆಲ್ಲ ನೋಡಿ ಗುರುತು ಮಾಡಿಟ್ಟುಕೊಳ್ಳುವ ಉಪಾಯಗಳು. ಹಾಗೆಯೇ ಕೆಲವು ಮನೆಗಳಲ್ಲಿ ನೋಡಿ ಎದೆ ನಡುಗಿಸಿಕೊಂಡ ಉಪಾಯಗಳೂ ಇವೆ. ಅವನ್ನೂ ಹೇಳುತ್ತೇನೆ.

ಕಾಫಿ ತೋಟದವರು ಮಳೆ ಲೆಕ್ಕ ಬರೆದಿಡುವುದನ್ನು ನೀವು ನೋಡಿರಬೇಕು. ಬೆಳಿಗ್ಗೆ ಎದ್ದು ಮಳೆಮಾಪಕ ನೋಡುವುದು, ಇಷ್ಟು ಇಂಚು, ಇಷ್ಟು ಸೆಂಟ್ ಅಂತ ಪುಸ್ತಕಕ್ಕೆ ಹಾಕುವುದು. ವಿರಾಜಪೇಟೆ ಕಡೆಯ ಒಬ್ಬ ಹಿರಿಯರು ಅದೇ ಪುಸ್ತಕದ ಅಂಚಿನಲ್ಲಿ ಮನೆಯ ಸುದ್ದಿಯನ್ನೂ ಬರೆಯುತ್ತಿದ್ದರು. "ಮೂರು ಇಂಚು. ಪಡುವಣ ಗಾಳಿ. ದೇವರ ಕೋಣೆ ಮೂಲೆಯಲ್ಲಿ ಹನಿ." ಮರುದಿನ, "ಐದು ಇಂಚು. ಗಾಳಿ ಇಲ್ಲ. ಹನಿ ಇಲ್ಲ." ಏಣಿ ಇಡುವ ಮೊದಲೇ ನನಗೆ ಅರ್ಧ ಉತ್ತರ ಸಿಕ್ಕಿತು. ದೊಡ್ಡ ಮಳೆಗೆ ಸೋರದ ಮಾಡು ಗಾಳಿಮಳೆಗೆ ಮಾತ್ರ ಸೋರುತ್ತಿದೆ ಅಂದರೆ ಹೆಂಚು ಒಡೆದಿರುವ ಸಾಧ್ಯತೆ ಕಡಿಮೆ. ಗಾಳಿ ನೀರನ್ನು ಸಂದಿಯೊಳಗೆ ತಳ್ಳುತ್ತಿದೆ. ಆ ದಿಕ್ಕಿನ ಅಂಚಿನಲ್ಲಿ ಹೆಂಚು ಸರಿದಿರುತ್ತದೆ, ಇಲ್ಲವೇ ಮಾಡು ಗೋಡೆಗೆ ಸೇರುವಲ್ಲಿ ಗಾರೆ ಬಿಟ್ಟಿರುತ್ತದೆ. ಗಾಳಿ ಇರಲಿ ಬಿಡಲಿ, ಸಣ್ಣ ಮಳೆಗೂ ಸೋರಿದರೆ ಹೆಂಚಿನ ಒಡಕು. ಜೋರು ಮಳೆ ಗಂಟೆಗಟ್ಟಲೆ ಹೊಡೆದ ಮೇಲೆ ಮಾತ್ರ ಸೋರಿದರೆ ಎರಡು ಮಾಡು ಕೂಡುವ ದೋಣಿಯಲ್ಲಿ ಎಲೆ ಕಟ್ಟಿ ನೀರು ಉಕ್ಕುತ್ತಿರುತ್ತದೆ. ಕೊನೆಯದಕ್ಕೆ ಯಾರನ್ನೂ ಕರೆಯಬೇಕಿಲ್ಲ. ಮಳೆ ಬಿಟ್ಟ ದಿನ ಗಟ್ಟಿ ನೆಲದ ಮೇಲೆ ಏಣಿ ಇಟ್ಟು, ಕೆಳಗೆ ಒಬ್ಬರು ಹಿಡಿದುಕೊಂಡು, ಎಲೆ ತೆಗೆದರೆ ಆಯಿತು.

ಹನಿ ಬೀಳುವ ಜಾಗದ ನೆತ್ತಿಯ ಮೇಲೇ ತೂತು ಇರುವುದು ಅಪರೂಪ. ಒಳಬಂದ ನೀರು ಹೆಂಚಿನ ಕೆಳಗಿನ ರೀಪು (ಅಡ್ಡಪಟ್ಟಿ), ಪಕಾಸಿ (ಇಳಿಜಾರಿನ ಮರ) ಹಿಡಿದುಕೊಂಡು ಇಳಿಜಾರಿನಲ್ಲಿ ಹರಿದು ಎಲ್ಲೋ ಬಂದು ಬೀಳುತ್ತದೆ. ಅದಕ್ಕೇ ಬಕೆಟ್ ಇಟ್ಟ ಜಾಗ ತೋರಿಸಿದರೆ ನಮಗೆ ಅಷ್ಟೇನೂ ಉಪಯೋಗವಿಲ್ಲ. ಸುಂಟಿಕೊಪ್ಪದ ಒಬ್ಬ ಅಜ್ಜಿ ಮಾಡುತ್ತಿದ್ದದ್ದು ಹೀಗೆ. ಮಳೆ ಬರುವಾಗಲೇ ಟಾರ್ಚ್ ಹಿಡಿದು ಒದ್ದೆಯಾದ ಮರವನ್ನು ಮೇಲಕ್ಕೆ ಹುಡುಕಿಕೊಂಡು ಹೋಗುವುದು. ಒದ್ದೆ ಶುರುವಾಗುವ ಕಡೆ ಮೊಮ್ಮಗನಿಂದ ಸೀಮೆಸುಣ್ಣದ ಗೆರೆ ಹಾಕಿಸುವುದು. ಬಿಸಿಲು ಬಂದ ದಿನ ಕಿಟಕಿ, ಬಾಗಿಲು ಮುಚ್ಚಿ ಕತ್ತಲು ಮಾಡಿ, ಆ ಗೆರೆಯ ಸುತ್ತ ಬೆಳಕು ತೂರುತ್ತಿದೆಯಾ ಅಂತ ನೋಡುವುದು. ಬೆಳಕು ಕಂಡ ತೂತಿಗೆ ಒಳಗಿನಿಂದ ಒಂದು ಕಡ್ಡಿಪೊರಕೆಯ ಕಡ್ಡಿ ತೂರಿಸಿಬಿಡುವುದು. ಮೇಲೆ ಹತ್ತಿದವನಿಗೆ ಸಾಲು ಸಾಲು ಹೆಂಚಿನ ನಡುವೆ ಕಡ್ಡಿ ಎದ್ದು ಕಾಣುತ್ತದೆ. ನಾನೀಗ ಎಲ್ಲ ಮನೆಯಲ್ಲೂ ಇದನ್ನೇ ಮಾಡಿಸುತ್ತೇನೆ. ಅಟ್ಟ, ಸೀಲಿಂಗ್ ಇಲ್ಲದ ಮನೆಯಾದರೆ ಇನ್ನೂ ಸುಲಭ. ಒಳಗಿನಿಂದಲೇ ಮೇಲಿನ ಸಾಲಿನ ಹೆಂಚನ್ನು ಸ್ವಲ್ಪ ಎತ್ತಿ, ಒಡೆದದ್ದನ್ನು ಜಾರಿಸಿ ತೆಗೆದು, ಬೇರೆಯದನ್ನು ಕೂರಿಸಬಹುದು. ಮಾಡಿನ ಮೇಲೆ ಹತ್ತುವ ಕೆಲಸವೇ ಇಲ್ಲ. ಪಾಚಿ ಹಿಡಿದ ಹೆಂಚಿನ ಮೇಲೆ ಮಳೆಗಾಲದಲ್ಲಿ ನಾವೇ ಹತ್ತುವುದಿಲ್ಲ, ನೀವು ಯೋಚನೆಯನ್ನೂ ಮಾಡಬೇಡಿ.

ಬದಲಿ ಹೆಂಚು ತರುವ ಮೊದಲು ಹಳೆಯ ಹೆಂಚನ್ನು ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕರಾವಳಿಯಲ್ಲಿ ಬೇಕಾದಷ್ಟು ಕಾರ್ಖಾನೆಗಳು ಎದ್ದವು. ನೋಡಲು ಎಲ್ಲ ಒಂದೇ ಥರ. ಆದರೆ ಒಂದರ ಗಾಡಿ (ಹೆಂಚಿಗೆ ಹೆಂಚು ಸಿಕ್ಕಿಸುವ ಅಂಚಿನ ತೋಡು) ಇನ್ನೊಂದರ ಗಾಡಿಗೆ ಸರಿಯಾಗಿ ಕೂರುವುದಿಲ್ಲ, ಕೂದಲೆಳೆ ಸಂದಿ ಉಳಿಯುತ್ತದೆ. ನಾಪೋಕ್ಲು ಮಳೆಗೆ ಆ ಸಂದಿ ಸಾಕು. ಅಕ್ಕಪಕ್ಕದಲ್ಲಿ ಹಳೆಯ ಮನೆ ಕೆಡವುವಾಗ ಅದೇ ಹೆಸರಿನ ಒಂದಷ್ಟು ಹೆಂಚು ತಂದು ಕೊಟ್ಟಿಗೆಯಲ್ಲಿ ಪೇರಿಸಿಟ್ಟುಕೊಳ್ಳಿ. ಹಳೆಯ ಮನೆಯವರೆಲ್ಲ ಹೀಗೇ ಮಾಡುತ್ತಾರೆ. ನಿಮ್ಮ ಕೊಟ್ಟಿಗೆಯ ಹಿಂದೆಯೂ ಮಾವನವರು ಇಟ್ಟಿರಬಹುದು, ಮೊದಲು ಅಲ್ಲಿ ಹುಡುಕಿ.

ಈಗ ಬಾಗಿಲಿನ ವಿಷಯ. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬುತ್ತದೆ. ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಬೆಳೆಯುವುದಿಲ್ಲ, ಅಗಲಕ್ಕೆ ಬೆಳೆಯುತ್ತದೆ. ಅದಕ್ಕೇ ಚಿಲಕದ ಬದಿಯಲ್ಲಿ ಸಿಕ್ಕಿಕೊಳ್ಳುವುದು. ಜನ ಜುಲೈನಲ್ಲಿ ಬಡಗಿಯನ್ನು ಕರೆಸಿ ಹೆರೆಸುತ್ತಾರೆ. ಬಡಗಿಯೂ ಹೆರೆದು ದುಡ್ಡು ತೆಗೆದುಕೊಂಡು ಹೋಗುತ್ತಾನೆ. ಫೆಬ್ರವರಿಯಲ್ಲಿ ಮರ ಒಣಗಿ ಕುಗ್ಗಿದಾಗ ಬೆರಳು ತೂರುವಷ್ಟು ಸಂದಿ. ಹಾವು, ಹಲ್ಲಿ, ಚಳಿಗಾಳಿ ಎಲ್ಲಕ್ಕೂ ದಾರಿ. ಆಮೇಲೆ ಅದಕ್ಕೆ ಪಟ್ಟಿ ಹೊಡೆಸುವ ಖರ್ಚು ಬೇರೆ.

ಪೊನ್ನಂಪೇಟೆಯ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ ಕಂಡ ಕ್ರಮ ನನಗೆ ತುಂಬಾ ಇಷ್ಟ. ಅವರು ಜುಲೈನಲ್ಲಿ ಬಾಗಿಲಿನ ಅಂಚಿಗೆ ಸೀಮೆಸುಣ್ಣ ಸವರಿ ಒಮ್ಮೆ ಮುಚ್ಚಿ ತೆಗೆಯುತ್ತಿದ್ದರು. ಎಲ್ಲಿ ಉಜ್ಜುತ್ತದೋ ಅಲ್ಲಿ ಸುಣ್ಣ ಅಳಿಸಿ ಚೌಕಟ್ಟಿಗೆ ಅಂಟುತ್ತದೆ. ಆ ಜಾಗಕ್ಕೆ ಪೆನ್ಸಿಲ್ ಗೆರೆ. ಸದ್ಯಕ್ಕೆ ಅಲ್ಲಿ ಮೇಣದಬತ್ತಿ ಅಥವಾ ಒಣ ಸಾಬೂನು ಉಜ್ಜಿ ಮಳೆಗಾಲ ದಾಟಿಸುವುದು. ಮಾರ್ಚ್‌ನಲ್ಲಿ ಆ ಗೆರೆಯಷ್ಟೇ ಜಾಗವನ್ನು ಕಾಗದದ ದಪ್ಪದಷ್ಟು ಹೆರೆಸಿ, ಅಂದೇ ಬಣ್ಣ ಹೊಡೆಸುವುದು. ಹೆರೆದು ಬರಿಮೈ ಬಿಟ್ಟರೆ ಮುಂದಿನ ಜೂನ್‌ಗೆ ಮತ್ತೆ ಅದೇ ಕಥೆ. ಬಾಗಿಲಿನ ತಲೆ ಮತ್ತು ಬುಡದ ಅಂಚನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿ. ಕಣ್ಣಿಗೆ ಬೀಳುವುದಿಲ್ಲ ಅಂತ ಅಲ್ಲಿ ಬಣ್ಣವನ್ನೇ ಹಚ್ಚಿರುವುದಿಲ್ಲ. ಬಾಗಿಲು ಜಾಸ್ತಿ ನೀರು ಕುಡಿಯುವುದೇ ಅಲ್ಲಿಂದ. ಹೆರೆಯುವ ಮೊದಲು ಕೀಲು ಕೂಡ ನೋಡಿ. ಎಷ್ಟೋ ಬಾಗಿಲು ಉಬ್ಬಿರುವುದಿಲ್ಲ, ಮೇಲಿನ ಕೀಲಿನ ಸ್ಕ್ರೂ ಸಡಿಲವಾಗಿ ಜೋತುಬಿದ್ದಿರುತ್ತದೆ. ಸ್ಕ್ರೂ ತೆಗೆದು, ತೂತಿಗೆ ಫೆವಿಕಾಲ್ ಹಚ್ಚಿದ ಎರಡು ಮೂರು ಬೆಂಕಿಕಡ್ಡಿ ತುರುಕಿ, ತುದಿ ಮುರಿದು, ಒಣಗಿದ ಮೇಲೆ ಅದೇ ಸ್ಕ್ರೂ ತಿರುಗಿಸಿ. ಕಡ್ಡಿಯ ಮದ್ದನ್ನು ಮೊದಲೇ ಕತ್ತರಿಸಿಬಿಡಿ. ದೊಡ್ಡ ತೂತಾದರೆ ಬಿದಿರಿನ ಚಕ್ಕೆ ಒಳ್ಳೆಯದು.

ಬೀಗಕ್ಕೆ ತೆಂಗಿನೆಣ್ಣೆ ಬಿಡುವ ಅಭ್ಯಾಸ ಎಲ್ಲರ ಮನೆಯಲ್ಲೂ ಇದೆ. ಮಂಗಳೂರಿನಲ್ಲಿ ನಡೆಯುತ್ತದೆ, ನಮ್ಮಲ್ಲಿ ನಡೆಯುವುದಿಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಿಗ್ಗೆ ಹಾಗಿರಲಿ, ಜುಲೈ ಹಗಲಿನಲ್ಲೇ ಅದು ಬಾಟಲಿಯಲ್ಲಿ ಬೆಣ್ಣೆಯಾಗಿರುತ್ತದೆ. ಬೀಗದೊಳಗೆ ಧೂಳು ಸೇರಿಸಿಕೊಂಡು ಅಂಟಾಗುತ್ತದೆ. ಅದರ ಬದಲು ಪೆನ್ಸಿಲ್ ಸೀಸದ ಪುಡಿಯನ್ನು ಬೀಗದ ಕೈಗೆ ಹಚ್ಚಿ ಕೆಲವು ಸಲ ಒಳಗೆ ಹೊರಗೆ ಆಡಿಸಿ. ಇದನ್ನು ನನಗೆ ಹೇಳಿಕೊಟ್ಟದ್ದು ಶಾಲೆಗೆ ಹೋಗುವ ಒಬ್ಬ ಹುಡುಗಿ.

ನೀರಿನ ಕೆಲಸದಲ್ಲಿ ನಿಮ್ಮ ಕಡೆಗೆ ತಕ್ಕದ್ದು ಮೂರೇ ಮಾತು. ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ಇಳಿಸಿಕೊಂಡಿದ್ದರೆ, ಒರತೆಯಲ್ಲಿ ನೀರಿದ್ದೂ ನಲ್ಲಿಗೆ ಬಾರದ ದಿನಗಳು ಬರುತ್ತವೆ. ಪೈಪು ಏರಿ ಇಳಿಯುವ ಉಬ್ಬಿನಲ್ಲಿ ಗಾಳಿ ಕಟ್ಟಿಕೊಂಡಿರುತ್ತದೆ. ಜನ ಕೆಳಗಿನ ತುದಿಗೆ ಬಾಯಿ ಇಟ್ಟು ಎಳೆಯುತ್ತಾರೆ, ಪೈಪ್ ಕತ್ತರಿಸುತ್ತಾರೆ. ಭಾಗಮಂಡಲ ಕಡೆಯ ಒಬ್ಬ ತೋಟದವರು ಆ ಉಬ್ಬಿನ ನೆತ್ತಿಗೇ ಒಂದು ಸಣ್ಣ ನಲ್ಲಿ ಕೂರಿಸಿದ್ದರು. ತಿರುಗಿಸಿದರೆ ಬುಸ್ ಅಂತ ಗಾಳಿ ಹೋಗಿ ನೀರು ಚಿಮ್ಮುತ್ತದೆ, ಮುಚ್ಚಿದರೆ ಮುಗಿಯಿತು. ಉಬ್ಬು ಒರತೆಗಿಂತ ಸಾಕಷ್ಟು ಕೆಳಗಿದ್ದರೆ ಮಾತ್ರ ಇದು ಆಗುವ ಮಾತು. ಎರಡನೆಯದು, ಫ್ಲಶ್ ಟ್ಯಾಂಕ್. ರಾತ್ರಿಯೆಲ್ಲ ಸದ್ದಿಲ್ಲದೆ ಸೋರಿ ಮೇಲಿನ ಟ್ಯಾಂಕ್ ಖಾಲಿ ಮಾಡುವುದು ಇದೇ. ಮಿಕ್ಕ ಕಾಫಿ ಡಿಕಾಕ್ಷನ್ ಅನ್ನು ಫ್ಲಶ್ ಟ್ಯಾಂಕಿಗೆ ಸುರಿದು ಅರ್ಧ ಗಂಟೆ ಯಾರೂ ಬಳಸದೆ ಬಿಡಿ. ಕಮೋಡಿನಲ್ಲಿ ಕಂದು ಬಣ್ಣ ಇಳಿದಿದ್ದರೆ ಒಳಗಿನ ರಬ್ಬರ್ ಹೋಗಿದೆ. ಅದೊಂದನ್ನು ಬಿಚ್ಚಿ ಅಂಗಡಿಗೆ ಒಯ್ದು ಅದೇ ಅಳತೆಯದು ತಂದರೆ ಸಾಕು, ಪೂರ್ತಿ ಸೆಟ್ ಬದಲಿಸುವುದು ಬೇಡ.

ಮೂರನೆಯದು ಹಂದಿಮಾಂಸದ ಜಿಡ್ಡು. ನಗಬೇಡಿ. ಕೈಲ್‌ಪೊಳ್ದ್ ಹಬ್ಬ ಮುಗಿದ ವಾರ ಅಡುಗೆಮನೆ ಪೈಪ್ ಕಟ್ಟಿದೆ ಅಂತ ಫೋನ್ ಬರುವುದು ನಮಗೆ ಮಾಮೂಲು. ಪಂದಿ ಕರಿ ಮಾಡಿದ ಪಾತ್ರೆಯನ್ನು ಬಿಸಿನೀರಿನಲ್ಲಿ ತೊಳೆದಾಗ ಜಿಡ್ಡು ಕರಗಿ ಹೋದಂತೆ ಕಾಣುತ್ತದೆ. ನಾಲ್ಕು ಅಡಿ ಆಚೆ ತಣ್ಣನೆಯ ಪೈಪಿನಲ್ಲಿ ಮತ್ತೆ ಗಟ್ಟಿಯಾಗಿ ಗೋಡೆಗೆ ಹತ್ತಿಕೊಳ್ಳುತ್ತದೆ. ಅದನ್ನು ಕರಗಿಸಲು ಕೊತಕೊತ ಕುದಿಯುವ ನೀರು ಸುರಿಯುತ್ತಾರೆ. 60 ಡಿಗ್ರಿ ದಾಟಿದ ನೀರಿಗೆ ಸಾದಾ ಪಿವಿಸಿ ಪೈಪ್ ಮಾಡಿದ್ದಲ್ಲ, ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ತಿಳಿದ ಮನೆಯವರು ಪಾತ್ರೆಯನ್ನು ಮೊದಲು ಹಳೆಯ ಪೇಪರಿನಲ್ಲಿ ಒರೆಸಿ ಆ ಪೇಪರನ್ನು ಬಚ್ಚಲ ಒಲೆಗೆ ಹಾಕುತ್ತಾರೆ. ಬೆಂಕಿಯೂ ಚೆನ್ನಾಗಿ ಹತ್ತುತ್ತದೆ.

ಕರೆಂಟಿನ ವಿಷಯದಲ್ಲಿ ನಿಮ್ಮ ಕೆಲಸ ಎಲ್ಲಿಗೆ ನಿಲ್ಲಬೇಕು ಅನ್ನುವುದು ಮುಖ್ಯ. ಟ್ರಿಪ್ ಆಗುತ್ತದೆ ಅಂದಿರಿ. ಬೋರ್ಡಿನಲ್ಲಿ ಯಾವುದು ಬೀಳುತ್ತಿದೆ ನೋಡಿ. ಸಣ್ಣ ಎಂಸಿಬಿ (ಒಂದೊಂದು ಲೈನಿಗೆ ಇರುವ ಟ್ರಿಪ್ ಸ್ವಿಚ್) ಬಿದ್ದರೆ ಆ ಲೈನಿನಲ್ಲಿ ಲೋಡ್ ಜಾಸ್ತಿ ಅಥವಾ ಶಾರ್ಟ್. ಟೆಸ್ಟ್ ಅಂತ ಗುಂಡಿ ಇರುವ ಆರ್‌ಸಿಸಿಬಿ ಬಿದ್ದರೆ ಎಲ್ಲೋ ಕರೆಂಟ್ ನೆಲಕ್ಕೆ ಸೋರುತ್ತಿದೆ. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದ್ದು, ಮನುಷ್ಯರ ಜೀವ ಉಳಿಸಲಿಕ್ಕೇ ಇರುವುದು. ಮಳೆಗಾಲದಲ್ಲಿ ಬಚ್ಚಲ ಗೀಸರ್, ಹೊರಗಿನ ಲೈಟ್, ಬಾವಿ ಪಂಪು, ಇವೇ ಮೊದಲ ಗುಮಾನಿ. ಎಲ್ಲ ಎಂಸಿಬಿ ಇಳಿಸಿ, ಎಲ್ಲ ಪ್ಲಗ್ ಕಿತ್ತು, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ. ಯಾವುದಕ್ಕೆ ಬಿತ್ತೋ ಅದನ್ನು ಇಳಿಸಿಟ್ಟು ಬರೆದುಕೊಳ್ಳಿ. ಸ್ವಿಚ್ ಆಫ್ ಮಾಡಿದರೆ ಸಾಲದಾ, ಪ್ಲಗ್ ಯಾಕೆ ಕೀಳಬೇಕು ಅಂತ ಕೇಳುತ್ತಾರೆ. ಮನೆಯ ಎಂಸಿಬಿ, ಸ್ವಿಚ್ಚು ಹೆಚ್ಚಾಗಿ ಫೇಸ್ (ಕರೆಂಟ್ ಬರುವ ವೈರ್) ಮಾತ್ರ ಕಡಿಯುತ್ತವೆ. ನ್ಯೂಟ್ರಲ್ (ಮರಳಿ ಹೋಗುವ ವೈರ್) ಹಾಗೇ ಇರುವುದರಿಂದ ಆಫ್ ಆದ ಯಂತ್ರವೂ ಟ್ರಿಪ್ ಮಾಡಿಸಬಲ್ಲದು. ಇಷ್ಟು ಹುಡುಕಿಟ್ಟರೆ ಎಲೆಕ್ಟ್ರಿಷಿಯನ್ ಕೆಲಸ ಅರ್ಧ ಗಂಟೆಯದ್ದು. ಬೋರ್ಡ್ ಬಿಚ್ಚುವುದು ಅವನಿಗೆ ಬಿಡಿ. ಇನ್ನೊಂದು, ಹೊರಗಿನಿಂದ ಗೋಡೆಯೊಳಕ್ಕೆ ಬರುವ ವೈರ್ ತೂತಿಗೆ ಸೇರುವ ಮೊದಲು ಕೆಳಕ್ಕೆ ಬಾಗಿ ಮತ್ತೆ ಮೇಲೇರಿರಬೇಕು. ನೀರು ಆ ಬಾಗಿನ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ನೇರ ಒಳಬಂದಿದ್ದರೆ ಮಳೆನೀರು ವೈರ್ ಹಿಡಿದುಕೊಂಡು ಬೋರ್ಡಿಗೇ ಬರುತ್ತದೆ.

ಇಲ್ಲಿಂದ ಮುಂದೆ ಎದೆ ನಡುಗಿಸಿದವು. ಬೀಳುತ್ತಲೇ ಇರುತ್ತದೆ ಅಂತ ಆರ್‌ಸಿಸಿಬಿಯನ್ನೇ ಬಿಟ್ಟು ವೈರ್ ಸೇರಿಸಿಕೊಂಡ ಮನೆಗಳಿವೆ. ಒದ್ದೆ ಕೈಯಲ್ಲಿ ಗೀಸರ್ ಮುಟ್ಟುವ ಮನೆಯಲ್ಲಿ ಇದು ಬೇಡವೇ ಬೇಡ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಾಗ ಜನರೇಟರಿನಿಂದ ಎರಡೂ ತುದಿಗೆ ಪಿನ್ ಇರುವ ವೈರ್ ತಂದು ಗೋಡೆಯ ಸಾಕೆಟ್ಟಿಗೆ ಚುಚ್ಚುವವರಿದ್ದಾರೆ. ಮನೆಗೆ ದೀಪ ಬರುತ್ತದೆ ನಿಜ. ಅದೇ ಕರೆಂಟ್ ಹೊರಗಿನ ಲೈನಿಗೂ ಹೋಗುತ್ತದೆ. ಮುರಿದ ಕಂಬದಲ್ಲಿ ಮಳೆಯಲ್ಲಿ ನಿಂತು ದುಡಿಯುವ ಲೈನ್‌ಮ್ಯಾನ್ ಜೀವಕ್ಕೆ ಅಪಾಯ. ಹೊರಗಿನ ಲೈನ್, ಜನರೇಟರ್ ಎರಡರಲ್ಲಿ ಒಂದನ್ನಷ್ಟೇ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ದೊಡ್ಡ ಖರ್ಚೇನಲ್ಲ. ಬಟ್ಟೆ ಒಣಗಿಸಲು ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಅಲ್ಲೇ ಮಲಗುವುದೂ ಹಾಗೆಯೇ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬೂಷ್ಟು ಬಾರದಿರಲಿ ಅಂತ ಬಟ್ಟೆ ಬೀರುವಿನಲ್ಲಿ ಬಲ್ಬ್ ಉರಿಸುವುದಾದರೆ ಸಣ್ಣ ವ್ಯಾಟಿನದ್ದನ್ನು ಜಾಲರಿಯೊಳಗೆ, ಬಟ್ಟೆ ತಾಗದ ಹಾಗೆ ತಳದಲ್ಲಿ ಹಾಕಿಸಿ. ಅದಕ್ಕಿಂತ ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ದೂರ ಸರಿಸುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಗೋಡೆ ಒದ್ದೆಯಾಗಿದೆ ಅಂತ ಯಾರಾದರೂ ವಾಟರ್‌ಪ್ರೂಫ್ ಡಬ್ಬ ಮಾರಲು ಬಂದರೆ ಮೊದಲು ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ನೀರಿದ್ದರೆ ಅದು ಮನೆಯೊಳಗಿನ ಹಬೆ. ಕಿಟಕಿ ತೆರೆದರೆ, ಒಳಗೆ ಬಟ್ಟೆ ಒಣಗಿಸುವುದು ಕಡಿಮೆ ಮಾಡಿದರೆ ಸಾಕು. ಹಾಳೆಯ ಹಿಂದೆ ನೀರಿದ್ದರೆ ಮಾತ್ರ ಅದು ಗೋಡೆಯಿಂದ ಬರುತ್ತಿರುವುದು. ಆಗಲೂ ಡಬ್ಬಕ್ಕಿಂತ ಮೊದಲು ಮನೆಯ ಹಿಂದಿನ ಚರಂಡಿ ನೋಡಿ.

ಯಾಕೆಂದರೆ ನಮ್ಮ ಮನೆಗಳಲ್ಲಿ ಹೆಚ್ಚಿನವು ಗುಡ್ಡ ಕಡಿದು ತಟ್ಟು ಮಾಡಿ ಕಟ್ಟಿದವು. ಹಿಂದೆ ಬರೆ (ಗುಡ್ಡ ಕಡಿದ ಕಡಿದಾದ ಮೈ), ಬರೆಗೂ ಗೋಡೆಗೂ ನಡುವೆ ಒಂದು ಚರಂಡಿ. ಅದು ಮಣ್ಣು ತುಂಬಿದರೆ ನೀರು ಗೋಡೆಯ ಬುಡಕ್ಕೇ ಇಂಗುತ್ತದೆ. ಮೇ ತಿಂಗಳಲ್ಲಿ ಅದನ್ನು ತೋಡಿಸಿ. ಬರೆಯ ಮೇಲೆ ಹೋಗಿ ನೆಲದಲ್ಲಿ ಬಿರುಕಿದೆಯಾ ನೋಡಿ. 2018ರ ಆಗಸ್ಟ್ ತಿಂಗಳ ಗುಡ್ಡ ಕುಸಿತ ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಆ ವರ್ಷದ ನಂತರ ಕೆಲವು ಮನೆಯವರು ಬಿರುಕಿನ ಎರಡು ಬದಿಗೆ ಗೂಟ ಹೊಡೆದು, ನಡುವಿನ ಅಂತರ ಅಳೆದು ತಾರೀಖು ಹಾಕಿ ಬರೆಯುತ್ತಿದ್ದಾರೆ. ಗೋಡೆಯ ಬಿರುಕಿಗೂ ಇದೇ ಕ್ರಮ. ಎರಡು ತುದಿಗೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಖು. ವರ್ಷಗಟ್ಟಲೆ ಅಲ್ಲೇ ಇರುವ ಬಿರುಕಿಗೆ ಹೆದರಬೇಕಿಲ್ಲ. ಮಳೆಯಲ್ಲಿ ಗೂಟ ದೂರವಾಗುತ್ತಿದ್ದರೆ, ಬರೆಯಿಂದ ಹೊಸದಾಗಿ ಕೆಸರು ನೀರು ಬರುತ್ತಿದ್ದರೆ, ನೆಟ್ಟಗಿದ್ದ ಮರ ವಾಲಿದ್ದರೆ ನಮ್ಮಂಥವರಿಗೆ ಫೋನ್ ಮಾಡಿ ಕೂರಬೇಡಿ. ಮನೆ ಬಿಟ್ಟು ಹೊರಡಿ, ಆಮೇಲೆ ಪಂಚಾಯಿತಿಗೂ ಜಿಲ್ಲಾ ಸಹಾಯವಾಣಿ 1077ಕ್ಕೂ ತಿಳಿಸಿ.

ಊರವರ ಸಲಹೆ ಕೇಳುವಾಗ ಒಂದು ನೋಡಿಕೊಳ್ಳಿ, ಅವರ ಮನೆ ಎಲ್ಲಿದೆ ಅಂತ. ಕುಶಾಲನಗರದ ಮಳೆಗೂ ನಿಮ್ಮ ನಾಪೋಕ್ಲು, ಭಾಗಮಂಡಲದ ಮಳೆಗೂ ಅಜಗಜಾಂತರ. ಅಲ್ಲಿ ಸಾಲುವ ಸಿಮೆಂಟ್ ಪ್ಯಾಚು ನಿಮ್ಮಲ್ಲಿ ಒಂದು ವಾರ ನಿಲ್ಲುವುದಿಲ್ಲ.

ಕೆಲಸದವರು ಸಿಗುವುದಿಲ್ಲ ಅಂದಿರಲ್ಲ, ಅದಕ್ಕೂ ಕಾಲ ಇದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಎಲ್ಲರೂ ಕಾಫಿ ಕೊಯ್ಲಿನಲ್ಲಿರುತ್ತಾರೆ. ಮೇ ಮೂರನೇ ವಾರದಿಂದ ಇಡೀ ಜಿಲ್ಲೆ ಒಟ್ಟಿಗೇ ಹೆಂಚು ಕೈಯಾಡಿಸಲು, ಅಂದರೆ ತೆಗೆದು ಸರಿಯಾಗಿ ಕೂರಿಸಲು, ಕರೆಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕರೆಯಿರಿ, ಕೂಲಿಯಲ್ಲೂ ಸ್ವಲ್ಪ ಮಾತಾಡಬಹುದು. ಫೋನ್ ಮಾಡುವಾಗ "ಸೋರುತ್ತೆ ಬನ್ನಿ" ಅನ್ನದೆ, ಮಳೆಗಾಲದಲ್ಲಿ ಬರೆದಿಟ್ಟದ್ದನ್ನು ಓದಿ ಹೇಳಿ. ಯಾವ ಹೆಂಚು, ಎಷ್ಟು ರೀಪು, ಯಾವ ಅಳತೆಯ ಸ್ಕ್ರೂ ತರಬೇಕು ಅಂತ ನಮಗೆ ಮನೆಯಲ್ಲೇ ಗೊತ್ತಾಗುತ್ತದೆ. ಪೇಟೆಗೆ ಎರಡನೇ ಸಲ ಹೋಗುವ ಬಾಡಿಗೆ ನಿಮಗೆ ಉಳಿಯುತ್ತದೆ.